ವೀರ್ಯಾಣುವಿನ ಬಾಲ: ಇಲಿಗಳಿಂದ ಕಲಿಯುವ ಒಂದು ಪಾಠ

ಸಂಸ್ಕೃತದ ‘ವಂಧ್ಯಾ’ ಕನ್ನಡದಲ್ಲಿ ‘ಬಂಜೆ’ಯಾಯಿತು ಎಂದು ತತ್ಸಮ-ತದ್ಭವಗಳ ಪಾಠದಲ್ಲಿ ನಾವು ಪ್ರತಿವರ್ಷ ಹೇಳಿಕೊಡುತ್ತೇವೆ. ಮಕ್ಕಳು ಅದನ್ನು ಬರೆದುಕೊಂಡು ಮುಂದಿನ ಪದಕ್ಕೆ ಹೋಗುತ್ತಾರೆ. ಆದರೆ ಅಲ್ಲಿಯೇ ಒಂದು ಗಳಿಗೆ ನಿಂತು ಇದರ ಪುಲ್ಲಿಂಗ ರೂಪ ಯಾವುದು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಅರಸ-ಅರಸಿ, ಒಕ್ಕಲಿಗ-ಒಕ್ಕಲಗಿತ್ತಿ ಎಂದು ಪಟಪಟನೆ ಹೇಳುವ ಮಕ್ಕಳಿಗೆ ಇದಕ್ಕೆ ಜೋಡಿ ಸಿಕ್ಕುವುದಿಲ್ಲ. ‘ಷಂಡ’, ‘ನಪುಂಸಕ’ ಎಂಬ ಮಾತುಗಳ ಅರ್ಥವೇ ಬೇರೆ. ಮೈಯಲ್ಲಿ ಕಸುವಿದ್ದು, ಹೆಂಡತಿಯೊಡನೆ ನೆಟ್ಟಗೆ ಸಂಸಾರ ಮಾಡಿಕೊಂಡಿದ್ದು, ಮಕ್ಕಳು ಮಾತ್ರ ಆಗದ ಗಂಡಸಿಗೆ ಜನರ ಬಾಯಲ್ಲಿ ಒಂದು ಪದವೂ ಇಲ್ಲ. ನಮ್ಮ ನೆರೆಯ ಮರಾಠಿಯಲ್ಲಿಯೂ ‘ವಾಂಝ’ ಎಂಬುದು ಹೆಂಗಸಿಗೇ ಅಂಟಿಕೊಂಡ ಮಾತು.

ಪದವಿಲ್ಲದ ಕಾರಣ ಪದಾರ್ಥವೂ ಇಲ್ಲವೆಂದು ಜನ ತಿಳಿದಂತಿದೆ. ಮದುವೆಯಾಗಿ ನಾಲ್ಕು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಮೊದಲು ಬರುವ ಪ್ರಶ್ನೆ ‘ಸೊಸಿಗೆ ಡಾಕ್ಟರಿಗೆ ತೋರಿಸಿದ್ರೇನು?’ ಎಂಬುದು. ‘ಮಗಗ ತೋರಿಸಿದ್ರೇನು?’ ಎಂದು ಕೇಳುವ ಹಿರಿಯರು ಅಪರೂಪ. ಓರಗಿತ್ತಿಯ ಕುಬಸದ ಆರತಿಗೆ ಆ ಸೊಸೆಯನ್ನು ಕರೆಯುವುದಿಲ್ಲ. ಹಸುಗೂಸನ್ನು ಅವಳ ತೊಡೆಯ ಮೇಲಿಡಲು ಹಿಂಜರಿಯುತ್ತಾರೆ. ಗಡಹಿಂಗ್ಲಜದಿಂದ ಕೊಲ್ಹಾಪುರದವರೆಗೆ ಆಸ್ಪತ್ರೆ ಆಸ್ಪತ್ರೆ ತಿರುಗುವವಳೂ ಅವಳೇ, ಉಪವಾಸ ಮಾಡುವವಳೂ ಅವಳೇ. ಹರಕೆಯ ವಿಷಯ ಅವರವರ ಶ್ರದ್ಧೆಗೆ ಬಿಟ್ಟದ್ದು, ಅದರ ಬಗ್ಗೆ ನಾವು ಮಾತಾಡುವುದಿಲ್ಲ. ಮೊದಲ ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರುವುದು 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಅಪರಾಧ. ಆದರೂ ‘ಇನ್ನೊಂದು ನೋಡೋಣ’ ಎಂಬ ಮಾತು ಅಡುಗೆಮನೆಯ ಮೂಲೆಯಿಂದ ಪೂರ್ತಿ ಹೋಗಿಲ್ಲ.

ಭಾಷೆಯ ಶಿಕ್ಷಕರಾದ ನಾವು ಜೀವಶಾಸ್ತ್ರದ ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಇದೇ ಕಾರಣ. ಹತ್ತನೆಯ ಇಯತ್ತೆಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವೂ ಇದೆ, ಅನುವಂಶಿಕತೆಯ ಪಾಠವೂ ಇದೆ. ವೀರ್ಯಾಣುವಿನ ಚಿತ್ರವನ್ನು ಮಕ್ಕಳು ಬರೆದು ಭಾಗಗಳನ್ನು ಗುರುತಿಸುತ್ತಾರೆ. ಆ ಚಿತ್ರದಲ್ಲಿ ‘ಬಾಲ’ ಎಂದು ಗುರುತಿಸಿದ ಭಾಗದಲ್ಲಿ ಏನಿದೆ, ಅದು ಕೆಟ್ಟರೆ ಏನಾಗುತ್ತದೆ ಎಂಬುದನ್ನು ಪ್ರಯೋಗಶಾಲೆಯ ಇಲಿಗಳು ನಮಗೆ ತಿಳಿಸಿಕೊಟ್ಟ ಬಗೆಯನ್ನು ಇಲ್ಲಿ ನೋಡೋಣ. ಪಾಲಕರೂ ಓದಲಿ ಎಂದು ಬರೆದಿದ್ದೇವೆ. ಓದಲು ಸಂಕೋಚಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಮೊದಲು ದನದ ಕೊಟ್ಟಿಗೆಗೆ ಹೋಗಿ ಬರೋಣ. ಕೊಲ್ಹಾಪುರ ಜಿಲ್ಲೆ ಹಾಲಿನ ಜಿಲ್ಲೆ. ‘ಗೋಕುಳ’ ಎಂದು ಎಲ್ಲರೂ ಕರೆಯುವ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಸಂಘ 1963ರಲ್ಲಿ ಹುಟ್ಟಿತು. ಕತ್ತಿಯಂತೆ ಉದ್ದ ಕೋಡಿನ ಪಂಢರಪುರಿ ಎಮ್ಮೆ ನಮ್ಮಲ್ಲಿ ಹೊಸದಲ್ಲ. ಎಮ್ಮೆ ಬೆದೆಗೆ ಬಂದರೆ ಈಗ ಕೋಣವನ್ನು ಹುಡುಕಿಕೊಂಡು ಹೋಗುವವರು ಕಡಿಮೆ. ದನದ ಡಾಕ್ಟರರಿಗೆ ಹೇಳಿ ಕಳಿಸುತ್ತಾರೆ. ಅವರು ದ್ರವ ಸಾರಜನಕದ ಡಬ್ಬಿಯಿಂದ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಿಂದ, ಒಂದು ಸಣ್ಣ ನಳಿಕೆಯನ್ನು ತೆಗೆಯುತ್ತಾರೆ. ಕಾಲು ಮಿಲಿಲೀಟರ್ ಹಿಡಿಸುವ ಆ ನಳಿಕೆಯಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿರಬೇಕು, ಹೆಪ್ಪು ಕರಗಿದ ಮೇಲೆ ಅವುಗಳಲ್ಲಿ ಅರ್ಧದಷ್ಟಾದರೂ ಚಲಿಸುತ್ತಿರಬೇಕು ಎಂಬುದು ನಮ್ಮ ದೇಶದ ವೀರ್ಯಸಂಗ್ರಹ ಕೇಂದ್ರಗಳು ಪಾಲಿಸಬೇಕಾದ ನಿಯಮ. ಪುಣೆಯ ಹತ್ತಿರದ ಉರುಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರು 1967ರಲ್ಲಿ ಕಟ್ಟಿದ ‘ಬಾಯಫ್’ ಸಂಸ್ಥೆ ಈ ಕೆಲಸವನ್ನು ನಮ್ಮ ರಾಜ್ಯದ ರೈತರ ಅಂಗಳಕ್ಕೆ ತಂದ ಸಂಸ್ಥೆಗಳಲ್ಲಿ ಮುಖ್ಯವಾದದ್ದು.

ಇದರ ಅರ್ಥವೇನು? ಎಮ್ಮೆ ಗಬ್ಬಾಗಬೇಕಾದರೆ ಕೋಣದ ವೀರ್ಯಾಣುವಿನ ಬಾಲ ಆಡುತ್ತಿರಬೇಕು ಎಂಬುದನ್ನು ಹೈನುಗಾರಿಕೆ ಒಪ್ಪಿಕೊಂಡು ಎಷ್ಟೋ ವರ್ಷಗಳಾದವು. ಸೂಕ್ಷ್ಮದರ್ಶಕದ ಕೆಳಗೆ ತೇರ್ಗಡೆಯಾಗದ ಕೋಣದ ವೀರ್ಯ ಕೇಂದ್ರದಿಂದ ಹೊರಗೇ ಬರುವುದಿಲ್ಲ. ಕೋಣನಿಗೆ ಮಾಡುವ ಈ ಪರೀಕ್ಷೆಯನ್ನು ಅಳಿಯನಿಗೆ ಮಾಡಿಸೋಣ ಎಂದರೆ ಮಾತ್ರ ಮನೆಯಲ್ಲಿ ಮಾನದ ಪ್ರಶ್ನೆ ಏಳುತ್ತದೆ.

ವೀರ್ಯಾಣುವನ್ನು ಮೊದಲು ಲೋಕಕ್ಕೆ ವಿವರಿಸಿದವನು ಒಬ್ಬ ಬಟ್ಟೆ ವ್ಯಾಪಾರಿ ಎಂದರೆ ಇಚಲಕರಂಜಿಯ ನಮ್ಮ ಮಕ್ಕಳಿಗೆ ಸಂತೋಷವಾದೀತು. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೀವೆನ್‌ಹುಕ್ ತನ್ನ ಕೈಯಿಂದಲೇ ಮಸೂರಗಳನ್ನು ಉಜ್ಜಿ ಸೂಕ್ಷ್ಮದರ್ಶಕ ಮಾಡಿಕೊಂಡಿದ್ದ. 1677ರಲ್ಲಿ ಅವನು ಅದರಡಿಯಲ್ಲಿ ಬಾಲವಾಡಿಸುತ್ತ ಈಜುವ ಅಸಂಖ್ಯ ಕಿರುಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಬಾಲವನ್ನು ಅವನು ಕಂಡ; ಬಾಲದೊಳಗೆ ಏನಿದೆ ಎಂಬುದನ್ನು ಕಾಣಲು ಇನ್ನೂ ಸುಮಾರು 275 ವರ್ಷ ಬೇಕಾಯಿತು. 1950ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದಲೇ ಅದು ಸಾಧ್ಯವಾದದ್ದು.

ಮನುಷ್ಯನ ವೀರ್ಯಾಣುವಿನ ಒಟ್ಟು ಉದ್ದ ಮಿಲಿಮೀಟರಿನ ನೂರರಲ್ಲಿ ಐದಾರು ಪಾಲು. ಅದರಲ್ಲಿ ತಲೆ ಹತ್ತರಲ್ಲಿ ಒಂದು ಪಾಲೂ ಇಲ್ಲ, ಉಳಿದದ್ದೆಲ್ಲ ಬಾಲ. ತಲೆಯಲ್ಲಿ ತಂದೆಯ ಕಡೆಯ 23 ವರ್ಣತಂತುಗಳು ಗಟ್ಟಿಯಾಗಿ ಕಟ್ಟಿಟ್ಟ ಗಂಟಿನಂತೆ ಇರುತ್ತವೆ. ತಲೆಗೆ ಹತ್ತಿದ ಮಧ್ಯಭಾಗದಲ್ಲಿ ಶಕ್ತಿಯನ್ನು ಒದಗಿಸುವ ಕಣಗಳು ಸುರುಳಿಯಾಗಿ ಸುತ್ತಿಕೊಂಡಿವೆ. ಅಲ್ಲಿಂದ ಮುಂದೆ ಉದ್ದನೆಯ ಬಾಲ. ಇಲಿಯ ವೀರ್ಯಾಣು ಇದಕ್ಕಿಂತ ಎರಡು ಪಟ್ಟು ಉದ್ದ ಎಂಬುದು ತಮಾಷೆಯ ಸಂಗತಿ. ಆನೆಯಷ್ಟು ದೊಡ್ಡವನು ಎಂದು ಬೀಗುವ ಮನುಷ್ಯ ಈ ವಿಷಯದಲ್ಲಿ ಇಲಿಗೆ ತಲೆಬಾಗಬೇಕು!

ಬಾಲಕ್ಕೆ ಶಾಸ್ತ್ರದಲ್ಲಿ ‘ಕಶಾಂಗ’ ಎಂದು ಹೆಸರು. ‘ಕಶೆ’ ಎಂದರೆ ಚಾವಟಿ, ನಮ್ಮ ಮಾತಿನಲ್ಲಿ ಬಾರುಕೋಲು. ಚಾವಟಿಯಂತೆ ಬಳುಕುವ ಅಂಗ ಕಶಾಂಗ. ಅದನ್ನು ಸೌತೆಕಾಯಿಯಂತೆ ಅಡ್ಡ ಕತ್ತರಿಸಿ ನೋಡಿದರೆ ನಡುವೆ ಎರಡು ಕೊಳವೆಗಳು, ಅವುಗಳ ಸುತ್ತ ವರ್ತುಲಾಕಾರದಲ್ಲಿ ಒಂಬತ್ತು ಜೋಡಿ ಕೊಳವೆಗಳು ಕಾಣುತ್ತವೆ. ಪ್ರತಿ ಜೋಡಿಯಿಂದ ಪಕ್ಕದ ಜೋಡಿಯ ಕಡೆಗೆ ಪುಟ್ಟ ತೋಳುಗಳು ಚಾಚಿವೆ. ಆ ತೋಳುಗಳು ‘ಡೈನೀನ್’ ಎಂಬ ಪ್ರೋಟೀನಿನಿಂದ ಆದವು. 1965ರಲ್ಲಿ ಇಯಾನ್ ಗಿಬನ್ಸ್ ಎಂಬ ವಿಜ್ಞಾನಿ ಕೊಟ್ಟ ಈ ಹೆಸರಿಗೆ ಮೂಲ ‘ಬಲ’ ಎಂಬ ಅರ್ಥದ ಗ್ರೀಕ್ ಪದ. ಶಕ್ತಿ ದೊರೆತಾಗ ತೋಳುಗಳು ಪಕ್ಕದ ಕೊಳವೆಯನ್ನು ಹಿಡಿದು ಜಗ್ಗುತ್ತವೆ. ಬಿದಿರಿನ ಎರಡು ಸೀಳುಗಳ ಒಂದು ತುದಿಯನ್ನು ಗಟ್ಟಿಯಾಗಿ ಕಟ್ಟಿ, ಇನ್ನೊಂದು ತುದಿಯಲ್ಲಿ ಒಂದು ಸೀಳನ್ನು ಮಾತ್ರ ಮುಂದೆ ನೂಕಿ ನೋಡಿರಿ. ಎರಡೂ ಸೇರಿ ಬಾಗುತ್ತವೆ. ಬಾಲ ಬಾಗುವುದೂ ಹೀಗೆಯೇ. ಒಮ್ಮೆ ಈ ಮಗ್ಗುಲಿನ ತೋಳುಗಳು, ಒಮ್ಮೆ ಆ ಮಗ್ಗುಲಿನ ತೋಳುಗಳು ಜಗ್ಗುವುದರಿಂದ ಬಾಲ ಎಡಬಲಕ್ಕೆ ಬಳುಕುತ್ತದೆ, ವೀರ್ಯಾಣು ಮುಂದೆ ಸಾಗುತ್ತದೆ.

ಈ ಕೊಳವೆಗಳ ಹೊರಗೆ ಬಾಲದ ಬಹುಭಾಗಕ್ಕೆ ನಾರಿನ ಒಂದು ಕವಚ ಹೊದಿಸಿದೆ. ಬಾರುಕೋಲಿನ ಚರ್ಮದ ಹೆಣಿಗೆಯಂತೆ ಅದು ಬಾಲಕ್ಕೆ ಬಿಗಿ ಕೊಡುತ್ತದೆ. ಇಷ್ಟು ಸಣ್ಣ ವಸ್ತುವಿನೊಳಗೆ ನೂರಾರು ಬಗೆಯ ಪ್ರೋಟೀನುಗಳಿವೆ. ಪ್ರತಿಯೊಂದು ಪ್ರೋಟೀನಿಗೂ ಒಂದು ವಂಶವಾಹಿ, ಅಂದರೆ ಅದನ್ನು ಹೇಗೆ ಕಟ್ಟಬೇಕೆಂಬ ಬರವಣಿಗೆ, ವರ್ಣತಂತುವಿನಲ್ಲಿ ಇರುತ್ತದೆ. ಬರವಣಿಗೆಯಲ್ಲಿ ಒಂದು ಅಕ್ಷರ ತಪ್ಪಿದರೂ ಕೆಲವೊಮ್ಮೆ ಅರ್ಥ ಕೆಡುತ್ತದೆ. ಕೆಲವೊಮ್ಮೆ ಏನೂ ಆಗುವುದಿಲ್ಲ. ‘ಮರ’ ‘ಮಾರ’ ಆದರೆ ಅರ್ಥ ಬೇರೆಯಾಗುತ್ತದೆ, ‘ಕೊಲ್ಹಾಪುರ’ವನ್ನು ‘ಕೊಲ್ಲಾಪುರ’ ಎಂದು ಬರೆದರೆ ಕಾಗದ ಊರಿಗೆ ತಲುಪುತ್ತದೆ. ವಂಶವಾಹಿಯ ಇಂಥ ಬದಲಾವಣೆಯನ್ನು ಉತ್ಪರಿವರ್ತನೆ ಎನ್ನುತ್ತಾರೆ.

ಯಾವ ವಂಶವಾಹಿ ಬಾಲದ ಯಾವ ಭಾಗವನ್ನು ಕಟ್ಟುತ್ತದೆ ಎಂದು ತಿಳಿಯಬೇಕಾದರೆ ಒಂದೊಂದನ್ನೇ ಕೆಡಿಸಿ ನೋಡಬೇಕು. ಮನುಷ್ಯರಲ್ಲಿ ಹಾಗೆ ಮಾಡುವಂತಿಲ್ಲ. ಇಲಿ ಇದಕ್ಕೆ ಅನುಕೂಲವಾದ ಪ್ರಾಣಿ. ಇಪ್ಪತ್ತು ದಿನಗಳ ಗರ್ಭ. ಒಂದು ಸೂಲಿಗೆ ಆರೆಂಟು ಮರಿಗಳು. ಆರರಿಂದ ಎಂಟು ವಾರಗಳಲ್ಲಿ ಆ ಮರಿಗಳೂ ಪ್ರಾಯಕ್ಕೆ ಬರುತ್ತವೆ. ನಮ್ಮ ಬಹುತೇಕ ವಂಶವಾಹಿಗಳಿಗೆ ಇಲಿಯಲ್ಲಿ ಸರಿಜೋಡಿಗಳಿವೆ. ಬೇಕಾದ ವಂಶವಾಹಿಯನ್ನೇ ಆಯ್ದು ಕೆಡಿಸುವ ವಿಧಾನವನ್ನು 1980ರ ದಶಕದಲ್ಲಿ ಕಂಡುಕೊಂಡ ಮಾರಿಯೊ ಕಪೆಕಿ, ಮಾರ್ಟಿನ್ ಇವಾನ್ಸ್ ಮತ್ತು ಆಲಿವರ್ ಸ್ಮಿಥೀಸ್ ಎಂಬ ಮೂವರಿಗೆ 2007ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕಪೆಕಿಯವರು ಬಾಲ್ಯದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇಟಲಿಯ ಬೀದಿಗಳಲ್ಲಿ ಅನಾಥರಂತೆ ಅಲೆದವರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬಹುದು.

ಈಗ ಪ್ರಯೋಗದ ಕ್ರಮವನ್ನು ಗಮನಿಸಿರಿ. ಒಂದು ವಂಶವಾಹಿ ಕೆಟ್ಟ ಗಂಡಿಲಿಗೆ, ಮರಿ ಹಾಕುವ ಶಕ್ತಿ ಇದೆಯೆಂದು ಖಚಿತವಾದ ಹೆಣ್ಣಿಲಿಯನ್ನು ಜೊತೆಗೂಡಿಸುತ್ತಾರೆ. ಒಂದಲ್ಲ, ಹಲವು ಹೆಣ್ಣುಗಳನ್ನು. ಅದೇ ವಂಶವಾಹಿ ಕೆಟ್ಟ ಹೆಣ್ಣಿಲಿಗೆ ಆರೋಗ್ಯವಂತ ಗಂಡಿಲಿಯನ್ನು ಬೇರೆ ಪಂಜರದಲ್ಲಿ ಜೊತೆಗೂಡಿಸುತ್ತಾರೆ. ತಿಂಗಳುಗಟ್ಟಲೆ ಕಾದು ಎಷ್ಟು ಸೂಲು, ಎಷ್ಟು ಮರಿ ಎಂದು ಲೆಕ್ಕ ಬರೆಯುತ್ತಾರೆ. ಮೊದಲ ಪಂಜರಗಳಲ್ಲಿ ಮರಿಯಿಲ್ಲ, ಎರಡನೆಯದರಲ್ಲಿ ಮರಿಗಳಿವೆ ಎಂದಾದರೆ ದೋಷ ಗಂಡಿನದು ಎಂಬುದಕ್ಕೆ ಸಂಶಯ ಉಳಿಯುವುದಿಲ್ಲ. ಎರಡೂ ಪಕ್ಷಗಳನ್ನು ಪರೀಕ್ಷಿಸದೆ ಯಾರ ಮೇಲೂ ತೀರ್ಪು ಕೊಡುವುದಿಲ್ಲ. ಪ್ರಯೋಗಶಾಲೆಯ ಇಲಿಗೆ ಸಿಗುವ ಈ ನ್ಯಾಯ ನಮ್ಮ ಸೊಸೆಯಂದಿರಿಗೆ ಇನ್ನೂ ಪೂರ್ತಿ ಸಿಕ್ಕಿಲ್ಲ.

ಇಂಥ ಇಲಿಗಳಲ್ಲಿ ಪ್ರಸಿದ್ಧವಾದ ಒಂದನ್ನು ಸ್ವಲ್ಪ ವಿವರವಾಗಿ ನೋಡೋಣ. ಮೇಲೆ ಹೇಳಿದ ನಾರಿನ ಕವಚದ ಮುಖ್ಯ ಪ್ರೋಟೀನಿಗೆ ‘ಅಕಾಪ್-4’ ಎಂದು ಹೆಸರು. ಅಮೇರಿಕದ ನಾರ್ತ್ ಕ್ಯಾರೊಲಿನಾದ ಒಂದು ಸರಕಾರಿ ಸಂಶೋಧನ ಸಂಸ್ಥೆಯಲ್ಲಿ ಮಿಕಿ, ಎಡಿ ಮತ್ತು ಅವರ ಸಂಗಡಿಗರು ಈ ವಂಶವಾಹಿಯನ್ನು ಕೆಡಿಸಿದ ಇಲಿಗಳನ್ನು ತಯಾರಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡಿಲಿಗಳು ಹೊರಗಿನಿಂದ ನೋಡಲು ಆರೋಗ್ಯವಾಗಿಯೇ ಇದ್ದವು. ವೀರ್ಯಾಣುಗಳ ಸಂಖ್ಯೆಯೂ ಕಡಿಮೆಯಾಗಿರಲಿಲ್ಲ. ಆದರೆ ಕವಚ ಸರಿಯಾಗಿ ಕಟ್ಟಿಕೊಂಡಿರಲಿಲ್ಲ, ಬಾಲ ಗಿಡ್ಡಾಗಿತ್ತು, ವೀರ್ಯಾಣುಗಳು ಮುಂದೆ ಸಾಗದೆ ಇದ್ದಲ್ಲೇ ಇದ್ದವು. ಆ ಗಂಡಿಲಿಗಳಿಗೆ ಒಂದು ಮರಿಯೂ ಆಗಲಿಲ್ಲ. ಎಣಿಕೆ ಮಾಡಿ ‘ಸಂಖ್ಯೆ ಸರಿಯಿದೆ’ ಎಂದು ಬಿಟ್ಟಿದ್ದರೆ ದೋಷ ಎಂದೂ ಗೊತ್ತಾಗುತ್ತಿರಲಿಲ್ಲ. ನಡಿಗೆಯನ್ನೂ ಆಕಾರವನ್ನೂ ನೋಡಿದ್ದರಿಂದ ತಿಳಿಯಿತು.

ಈ ಅಕಾಪ್-4 ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಇರುವ ಒಂದೇ ಎಕ್ಸ್ ತಾಯಿಯಿಂದ ಬರುತ್ತದೆ, ವೈ ತಂದೆಯಿಂದ ಬರುತ್ತದೆ ಎಂಬುದನ್ನು ಮಕ್ಕಳು ಓದಿದ್ದಾರೆ. ಹಾಗಾದರೆ ಕೊನೆಗೆ ದೋಷ ತಾಯಿಯದೇ ಆಯಿತಲ್ಲ ಎಂದು ಯಾರಾದರೂ ಗೆದ್ದವರಂತೆ ಎದ್ದು ನಿಲ್ಲಬಹುದು. ಹಾಗಲ್ಲ. ತಾಯಿಗೆ ಎರಡು ಎಕ್ಸ್‌ಗಳಿವೆ. ಯಾವುದು ಮಗನಿಗೆ ಹೋಗುತ್ತದೆ ಎಂಬುದು ಅವಳ ಕೈಯಲ್ಲಿಲ್ಲ. ಆ ಎಕ್ಸ್ ಅವಳಿಗೆ ಅವಳ ತಂದೆಯಿಂದಲೋ ತಾಯಿಯಿಂದಲೋ ಬಂದದ್ದು. ಅಕ್ಷರ ತಪ್ಪಿದ ಒಂದು ಕಾಗದವನ್ನು ಅಂಚೆಯಣ್ಣ ತಂದುಕೊಟ್ಟರೆ ಅಂಚೆಯಣ್ಣನನ್ನು ಬೈಯುವುದುಂಟೆ? ಗಂಡುಮಗು ಹುಟ್ಟಲಿಲ್ಲವೆಂದು ಸೊಸೆಯನ್ನು ದೂರುವವರಿಗೂ ವೈ ವರ್ಣತಂತುವಿನ ಈ ಪಾಠವನ್ನು ಮಕ್ಕಳು ಮನೆಯಲ್ಲಿ ಹೇಳಬೇಕು. ಅದು ಬೇರೆ ವಿಷಯ, ಮುಂದೆ ಹೋಗೋಣ.

ಇನ್ನೊಂದು ಬಗೆಯ ಇಲಿಯಲ್ಲಿ ಬಾಲ ನೋಡಲು ಸರಿಯಾಗಿಯೇ ಇತ್ತು, ವೀರ್ಯಾಣು ಈಜುತ್ತಲೂ ಇತ್ತು. ಆದರೂ ಮರಿಯಾಗಲಿಲ್ಲ. 2001ರಲ್ಲಿ ಅಮೇರಿಕದ ಬಾಸ್ಟನ್ನಿನಲ್ಲಿ ಡೇವಿಡ್ ಕ್ಲಾಪ್‌ಹ್ಯಾಮ್ ಅವರ ಪ್ರಯೋಗಶಾಲೆಯವರು ವೀರ್ಯಾಣುವಿನ ಬಾಲದಲ್ಲಿ ಕ್ಯಾಲ್ಸಿಯಂ ಒಳಗೆ ಬರುವ ಒಂದು ಬಾಗಿಲನ್ನು ಕಂಡುಹಿಡಿದರು; ಅದರ ಹೆಸರು ‘ಕ್ಯಾಟ್‌ಸ್ಪರ್’. ಅಂಡಾಣುವಿನ ಹತ್ತಿರ ಬಂದಾಗ ವೀರ್ಯಾಣು ತನ್ನ ಬಾಲವನ್ನು ಬಾರುಕೋಲು ಬೀಸಿದಂತೆ ಜೋರಾಗಿ ಬೀಸಬೇಕು. ಇಲ್ಲವಾದರೆ ಅಂಡಾಣುವಿನ ಹೊರಪೊರೆಯನ್ನು ದಾಟಲಾಗುವುದಿಲ್ಲ. ಬಾಗಿಲು ಕೆಟ್ಟ ಇಲಿಯ ವೀರ್ಯಾಣುವಿಗೆ ಆ ಜೋರು ಬೀಸು ಬರಲೇ ಇಲ್ಲ. ಎಂಟು ವರ್ಷಗಳ ಬಳಿಕ, 2009ರಲ್ಲಿ, ಇರಾನಿನ ಎರಡು ಕುಟುಂಬಗಳ ಮಕ್ಕಳಾಗದ ಗಂಡಸರಲ್ಲಿ ಇದೇ ವಂಶವಾಹಿಯ ದೋಷ ಕಂಡುಬಂತು.

ಎಲ್ಲ ದೋಷಗಳೂ ಹೀಗೆ ಪೂರ್ತಿ ಬಾಗಿಲು ಮುಚ್ಚುವಂಥವಲ್ಲ. ಕೆಲವು ಇಲಿಗಳಲ್ಲಿ ಮರಿಗಳ ಸಂಖ್ಯೆ ಕಡಿಮೆಯಾಗುತ್ತದೆ, ಕೆಲವುಗಳಲ್ಲಿ ಸೂಲು ತಡವಾಗುತ್ತದೆ. ಶಕ್ತಿ ಕುಂದುವುದು ಬೇರೆ, ಇಲ್ಲವಾಗುವುದು ಬೇರೆ. ಗಂಡಸರಲ್ಲಿಯೂ ಹಾಗೆಯೇ.

ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಒಂದು ಹಂದಿಯ ಕತೆಯೂ ಇದೆ. ಫಿನ್ಲೆಂಡಿನ ಯಾರ್ಕ್‌ಷೈರ್ ತಳಿಯ ಕೆಲವು ಗಂಡುಹಂದಿಗಳ ವೀರ್ಯಾಣುಗಳಿಗೆ ಬಾಲ ಗಿಡ್ಡಾಗಿದ್ದು ಅವು ಚಲಿಸುತ್ತಲೇ ಇರಲಿಲ್ಲ. ಒಳ್ಳೆಯ ತಳಿಯೆಂದು ಒಂದೇ ವಂಶದ ಹಂದಿಗಳನ್ನು ಮತ್ತೆ ಮತ್ತೆ ಬಳಸಿದಾಗ ಅಡಗಿದ್ದ ದೋಷ ಎರಡೂ ಕಡೆಯಿಂದ ಬಂದು ಕೂಡಿಕೊಂಡಿತ್ತು. ಆನು ಸಿರೋನನ್ ಎಂಬ ಮಹಿಳೆ ಮತ್ತು ಅವರ ಸಂಗಡಿಗರು 2006ರಲ್ಲಿ ಈ ದೋಷದ ವಂಶವಾಹಿಯನ್ನು ಪತ್ತೆಹಚ್ಚಿದರು. ಈಗ ಅದಕ್ಕೆ ‘ಸ್ಪೆಫ್-2’ ಎಂಬ ಹೆಸರು ನಿಂತಿದೆ. ಅವರೇ 2011ರಲ್ಲಿ, ಅದೇ ವಂಶವಾಹಿ ಕೆಟ್ಟ ಇಲಿಯಲ್ಲಿ ಏನಾಗುತ್ತದೆ ಎಂದು ತೋರಿಸಿದರು. ಇಲಿಯ ವೀರ್ಯಾಣುವಿನ ಬಾಲವೂ ಗಿಡ್ಡ. ಅಷ್ಟೇ ಅಲ್ಲ, ಇಲಿಯ ಮೂಗು ಕಟ್ಟುತ್ತಿತ್ತು, ತಲೆಯಲ್ಲಿ ನೀರು ತುಂಬುತ್ತಿತ್ತು. ಮುಂದೆ 2019-20ರ ಸುಮಾರಿಗೆ ಚೀನಾದಲ್ಲಿ ಮಕ್ಕಳಾಗದ ಗಂಡಸರಲ್ಲಿ ಇದೇ ದೋಷ ಸಿಕ್ಕಿತು. ದನಕರುಗಳ ಕೇಂದ್ರದಿಂದ ಪ್ರಯೋಗಶಾಲೆಗೆ, ಅಲ್ಲಿಂದ ಆಸ್ಪತ್ರೆಗೆ ವಿದ್ಯೆ ಹೀಗೆ ನಡೆದು ಬಂತು.

ಬಾಲಕ್ಕೂ ಮೂಗಿಗೂ ಏನು ಸಂಬಂಧ? ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ರೋಮಗಳಂಥ ಲೋಮಾಂಗಗಳಿವೆ. ಭತ್ತದ ಗದ್ದೆ ಗಾಳಿಗೆ ತೂಗಿದಂತೆ ಅವು ಒಟ್ಟಾಗಿ ತೂಗುತ್ತ ಧೂಳನ್ನೂ ಕಫವನ್ನೂ ಮೇಲಕ್ಕೆ ತಳ್ಳುತ್ತವೆ. ಅವುಗಳ ಒಳರಚನೆಯೂ ಅದೇ: ನಡುವೆ ಎರಡು, ಸುತ್ತ ಒಂಬತ್ತು ಜೋಡಿ. ಸ್ವೀಡನ್ನಿನ ಬ್ಯೋರ್ನ್ ಅಫ್ಜೆಲಿಯಸ್ ಎಂಬ ವಿಜ್ಞಾನಿ 1976ರಲ್ಲಿ, ವೀರ್ಯಾಣುಗಳು ಚಲಿಸದ ಕೆಲವು ಗಂಡಸರನ್ನು ಪರೀಕ್ಷಿಸಿದಾಗ ಅವರಿಗೆ ಮೊದಲಿನಿಂದಲೂ ಕೆಮ್ಮು, ನೆಗಡಿಗಳ ಕಾಟ ಇದ್ದುದು ಕಂಡಿತು. ಬಾಲದಲ್ಲಿಯೂ ಲೋಮಾಂಗದಲ್ಲಿಯೂ ಡೈನೀನ್ ತೋಳುಗಳು ಇಲ್ಲವಾಗಿದ್ದವು. ಇಂಥವರಲ್ಲಿ ಸುಮಾರು ಅರ್ಧ ಜನರಿಗೆ ಹೃದಯ ಎಡಕ್ಕಿರದೆ ಬಲಕ್ಕಿರುತ್ತದೆ ಎಂಬುದು ಇನ್ನೂ ಆಶ್ಚರ್ಯದ ಸಂಗತಿ. ಗರ್ಭದಲ್ಲಿ ಎಡ-ಬಲಗಳನ್ನು ನಿರ್ಧರಿಸುವುದೂ ಇದೇ ಜಾತಿಯ ಲೋಮಾಂಗಗಳ ಕೆಲಸವಂತೆ!

ಹಂದಿಯ ಕತೆಯಲ್ಲಿ ‘ಒಂದೇ ವಂಶ’ ಎಂಬ ಮಾತು ಬಂತು. ಅದನ್ನು ಸ್ವಲ್ಪ ಹಿಡಿದು ನಿಲ್ಲಿಸಬೇಕು. ಬಾಲದ ಬಹಳಷ್ಟು ದೋಷಗಳು ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಕೆಟ್ಟ ಪ್ರತಿಗಳು ಕೂಡಿದಾಗ ಮಾತ್ರ ಪ್ರಕಟವಾಗುತ್ತವೆ. ಒಂದೇ ಕೆಟ್ಟ ಪ್ರತಿ ಇದ್ದವನಿಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ. 2014ರಲ್ಲಿ ಫ್ರಾನ್ಸಿನ ಸಂಶೋಧಕರು ಉತ್ತರ ಆಫ್ರಿಕದ ಗಂಡಸರಲ್ಲಿ ಗಿಡ್ಡ, ಸುರುಳಿ, ಅಂಕುಡೊಂಕು ಬಾಲಗಳಿಗೆ ಕಾರಣವಾದ ಒಂದು ಡೈನೀನ್ ವಂಶವಾಹಿಯನ್ನು ಕಂಡುಹಿಡಿದರು. ರಕ್ತಸಂಬಂಧದಲ್ಲಿ ಮದುವೆ ನಡೆಯುವ ಕುಟುಂಬಗಳಲ್ಲಿಯೇ ಇಂಥವು ಹೆಚ್ಚಾಗಿ ಕಾಣುತ್ತವೆ. ಮೇಲೆ ಹೇಳಿದ ಇರಾನಿನ ಕುಟುಂಬಗಳೂ ಹಾಗೆಯೇ. ನಮ್ಮಲ್ಲಿ ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ತಲೆತಲಾಂತರದಿಂದ ಬಂದ ಪದ್ಧತಿ. ಆಸ್ತಿ ಮನೆಯಲ್ಲೇ ಉಳಿಯುತ್ತದೆ, ಹುಡುಗಿ ಕಣ್ಣ ಮುಂದೆ ಇರುತ್ತಾಳೆ ಎಂದು ಹಿರಿಯರು ಹೇಳುವ ಕಾರಣಗಳು ಸುಳ್ಳಲ್ಲ. ಅಂಥ ಮದುವೆಗಳ ಮಕ್ಕಳೆಲ್ಲರಿಗೂ ದೋಷ ಬರುತ್ತದೆ ಎಂದೂ ತಿಳಿಯಬಾರದು. ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಆದರೆ ಅಜ್ಜನೊಬ್ಬನ ಅಡಗಿದ ಕೆಟ್ಟ ಪ್ರತಿ ಎರಡು ದಾರಿಗಳಿಂದ ಒಂದೇ ಮೊಮ್ಮಗನಲ್ಲಿ ಬಂದು ಸೇರುವ ಸಂಭವ ಇಲ್ಲಿ ಹೆಚ್ಚು. ಹತ್ತಿರದ ಸಂಬಂಧದಲ್ಲಿ ಮಾತುಕತೆ ನಡೆಯುವಾಗ ಪಾಲಕರು ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಈ ಕೆಲಸ ನಡೆದಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಎನ್. ಆರ್. ಮೌದ್ಗಲ್ ಅವರು ನಮ್ಮ ಊರಕಡೆಯ ಸಾಮಾನ್ಯ ಮಂಗಗಳನ್ನು ಇಟ್ಟುಕೊಂಡು ಗಂಡಿನ ಸಂತಾನಶಕ್ತಿಯ ಮೇಲೆ ಎಷ್ಟೋ ವರ್ಷ ಸಂಶೋಧನೆ ಮಾಡಿದರು, ಎಫ್.ಎಸ್.ಎಚ್. ಎಂಬ ಹಾರ್ಮೋನನ್ನು ತಡೆದರೆ ಗಂಡುಮಂಗಗಳ ವೀರ್ಯಾಣುಗಳ ಸಂಖ್ಯೆಯೂ ಗುಣವೂ ಕುಗ್ಗುತ್ತವೆ ಎಂದು ತೋರಿಸಿದರು. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯಲ್ಲಿ ಲಾಲ್‌ಜಿ ಸಿಂಗ್, ತಂಗರಾಜ್ ಮೊದಲಾದವರು ವೀರ್ಯಾಣುಗಳೇ ಇಲ್ಲದ ಭಾರತೀಯ ಗಂಡಸರಲ್ಲಿ ಕೆಲವರ ವೈ ವರ್ಣತಂತುವಿನ ತುಂಡುಗಳು ಕಳೆದುಹೋಗಿರುವುದನ್ನು 2003ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ತಿಳಿದ ಮೇಲೆ ಲೆಕ್ಕ ಹೇಗಿದೆ? ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಜೀವನದ ಯಾವುದಾದರೊಂದು ಕಾಲದಲ್ಲಿ ಮಕ್ಕಳಾಗದ ತೊಂದರೆಯನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣ ಒಂಟಿಯಾಗಿಯೋ, ಹೆಣ್ಣಿನ ಕಾರಣದ ಜೊತೆಗೂಡಿಯೋ ಇರುತ್ತದೆ ಎಂಬುದು ವೈದ್ಯರ ಸಾಮಾನ್ಯ ಅನುಭವ. ವಂಶವಾಹಿಯಿಂದ ಬರುವ ಬಾಲದ ದೋಷ ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಬೇರೆ ಕಾರಣಗಳೂ ಬಹಳ ಇವೆ: ಚಿಕ್ಕಂದಿನಲ್ಲಿ ಇಳಿಯದೆ ಉಳಿದ ವೃಷಣ, ಊದಿಕೊಂಡ ರಕ್ತನಾಳ, ಪ್ರಾಯಕ್ಕೆ ಬಂದ ಮೇಲೆ ಬಂದ ಕೆಪ್ಪಟೆಬಾವು. ತಂಬಾಕಿನ ಹೊಗೆಯೂ ವೀರ್ಯಾಣುವಿನ ನಡಿಗೆ ಕೆಡಲು ಕಾರಣವಾಗುತ್ತದೆ. ನಿಪ್ಪಾಣಿಯ ತಂಬಾಕು ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ, ನಿಜ. ಅದಕ್ಕಾಗಿ ಬೀಡಿಯನ್ನು ಹೊಗಳಬೇಕಾಗಿಲ್ಲ. ವೃಷಣಗಳು ಶರೀರಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕಾದ್ದರಿಂದ, ಎರಕದ ಕುಲುಮೆಗಳ ಎದುರು ದಿನವಿಡೀ ನಿಲ್ಲುವವರು ಈ ಮಾತನ್ನು ವೈದ್ಯರಿಗೆ ತಿಳಿಸುವುದು ಮೇಲು.

ಗಂಡಸರಿಗೆ ಇರುವ ಅಂಜಿಕೆಯೂ ನಮಗೆ ಗೊತ್ತಿದೆ. ಪರೀಕ್ಷೆಯಲ್ಲಿ ಕೊರತೆ ಕಂಡರೆ ‘ಗಂಡಸುತನ ಇಲ್ಲ’ ಎಂದು ಊರು ಆಡಿಕೊಳ್ಳುತ್ತದೆ ಎಂಬ ಅಂಜಿಕೆ. ಅಕಾಪ್-4 ಇಲ್ಲದ ಗಂಡಿಲಿ ಪಂಜರದಲ್ಲಿ ಬೇರೆ ಗಂಡಿಲಿಗಳಂತೆಯೇ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಮೀಸೆ, ದನಿ, ತೋಳಿನ ಬಲ, ಸಂಸಾರ ಮಾಡುವ ಶಕ್ತಿ ಇವು ಒಂದು ಹಾರ್ಮೋನಿನ ಕೆಲಸ. ವೀರ್ಯಾಣುವಿನ ಬಾಲ ಬೇರೆ ಬೇರೆ ವಂಶವಾಹಿಗಳ ಕೆಲಸ. ಕುಸ್ತಿಯ ಅಖಾಡದಲ್ಲಿ ಎದುರಾಳಿಯನ್ನು ಎತ್ತಿ ಒಗೆಯುವ ಪೈಲವಾನನ ವೀರ್ಯಾಣುವೂ ನಿಂತಲ್ಲೇ ನಿಂತಿರಬಹುದು. ಇದರಲ್ಲಿ ಅವನ ತಪ್ಪೂ ಇಲ್ಲ, ಅವಮಾನವೂ ಇಲ್ಲ. ಬಂಜೆಯೆನಿಸಿಕೊಂಡವಳ ಕಡೆಯಿಂದ ನಾವು ಕೇಳುವುದೂ ಇಷ್ಟೇ ಮಾತನ್ನು.

ಪರೀಕ್ಷೆ ಕಠಿಣವಲ್ಲ. ಹೆಣ್ಣಿಗೆ ಮಾಡುವ ಹಲವು ಪರೀಕ್ಷೆಗಳಿಗೆ ಹೋಲಿಸಿದರೆ ಇದಕ್ಕೆ ಸೂಜಿಯಿಲ್ಲ, ಅರಿವಳಿಕೆಯಿಲ್ಲ, ಖರ್ಚೂ ಕಡಿಮೆ. ಆದ್ದರಿಂದ ವೈದ್ಯರು ಇಬ್ಬರ ಪರೀಕ್ಷೆಯನ್ನೂ ಒಟ್ಟಿಗೇ ಆರಂಭಿಸುವುದು ಸರಿಯಾದ ಕ್ರಮ. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಈ ಪರೀಕ್ಷೆಗೆ ಒಂದು ಕೈಪಿಡಿ ಹೊರಡಿಸಿತು. 2021ರಲ್ಲಿ ಅದರ ಆರನೆಯ ಆವೃತ್ತಿ ಬಂತು. ಅದರ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳು, ಅವುಗಳಲ್ಲಿ ನೂರಕ್ಕೆ 42 ಚಲಿಸುವಂಥವು, ನೂರಕ್ಕೆ 30 ಮುಂದಕ್ಕೆ ಸಾಗುವಂಥವು ಎಂಬುದು ಕೆಳಗಿನ ಗೆರೆ. ಸರಿಯಾದ ಆಕಾರದವು ನೂರಕ್ಕೆ 4 ಇದ್ದರೂ ಸಾಕು! ಆರೋಗ್ಯವಂತ ತಂದೆಯಲ್ಲಿಯೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ವೀರ್ಯಾಣುಗಳು ಏನಾದರೊಂದು ಡೊಂಕು ಉಳ್ಳವಾಗಿರಬಹುದು. ಈ ಗೆರೆಗಿಂತ ಸ್ವಲ್ಪ ಕೆಳಗಿದ್ದವರಿಗೂ ಮಕ್ಕಳಾಗಿದ್ದಾರೆ, ಮೇಲಿದ್ದವರಿಗೂ ಆಗದಿರುವುದುಂಟು. ಇದು ಪರೀಕ್ಷೆಯ ಪಾಸು-ನಾಪಾಸಿನ ಗೆರೆಯಂತಲ್ಲ.

ಬಾಲ ಪೂರ್ತಿ ನಿಂತುಹೋಗಿದ್ದರೂ ದಾರಿ ಮುಚ್ಚಿಲ್ಲ. 1992ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ಪಲೆರ್ಮೊ ಮತ್ತು ಸಂಗಡಿಗರು ಒಂದೇ ಒಂದು ವೀರ್ಯಾಣುವನ್ನು ಅತಿ ಸಣ್ಣ ಗಾಜಿನ ಸೂಜಿಯಿಂದ ಅಂಡಾಣುವಿನ ಒಳಗೇ ಇಟ್ಟು ಮಕ್ಕಳು ಹುಟ್ಟಿದ್ದನ್ನು ಪ್ರಕಟಿಸಿದರು. ವರ್ಣತಂತುಗಳ ಗಂಟು ತಲೆಯಲ್ಲಿರುತ್ತದೆ, ಬಾಲ ಅದನ್ನು ಹೊತ್ತು ತರುವ ಬಂಡಿ ಮಾತ್ರ. ಬಂಡಿ ಕೆಟ್ಟರೆ ಗಂಟನ್ನು ಕೈಯಿಂದಲೇ ಒಳಗೆ ಒಯ್ದಿಟ್ಟಂತೆ. ಈ ಚಿಕಿತ್ಸೆ ಇಂದು ನಮ್ಮ ದೇಶದಲ್ಲಿಯೂ ನಡೆಯುತ್ತದೆ. ಖರ್ಚು ಬಹಳ, ಪ್ರತಿ ಸಲ ಫಲಿಸುವುದೂ ಇಲ್ಲ. ಕೆಟ್ಟ ವಂಶವಾಹಿ ಮಗುವಿಗೂ ಹೋಗುವುದರಿಂದ ವೈದ್ಯರು ಮೊದಲೇ ಅದನ್ನು ದಂಪತಿಗಳಿಗೆ ತಿಳಿಸಬೇಕಾಗುತ್ತದೆ.

ಕೊನೆಯದಾಗಿ ಒಂದು ಸಂಗತಿ. ಮೊದಲ ಸಲ ವರದಿ ಕೆಟ್ಟದಾಗಿ ಬಂದಿತೆಂದು ಯಾರೂ ಎದೆಗುಂದಬಾರದು. ಹೋದ ತಿಂಗಳ ಜ್ವರವೂ ವರದಿಯನ್ನು ಕೆಡಿಸಬಹುದು. ಮನುಷ್ಯನಲ್ಲಿ ಒಂದು ವೀರ್ಯಾಣು ಮೊದಲಿನಿಂದ ಕೊನೆಯವರೆಗೆ ತಯಾರಾಗಲು ಸುಮಾರು 74 ದಿನ ಹಿಡಿಯುತ್ತದೆ. ಬಾಲ ಮೂಡುವುದು ಅದರ ಕೊನೆಯ ಹಂತದಲ್ಲಿ. ಆದುದರಿಂದ ಮೊದಲ ವರದಿಯಲ್ಲಿ ಕೊರತೆ ಕಂಡರೆ ವೈದ್ಯರು ಎರಡೂವರೆ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಇಲಿಗೆ ಇದೇ ಕೆಲಸಕ್ಕೆ 35 ದಿನ ಸಾಕು.